ಹದಿನೆಂಟನೆಯ ಗಂಟು

ಮೂವತ್ತೊಂದು ಊರುಗಳ ಪಟ್ಟಿಯಿಂದ ಹದಿನೆಂಟನೆಯ ಊರನ್ನು ಹೊಡೆದುಹಾಕಿದರು. ಅಲ್ಲಿನ ಬಸ್ ನಿಲ್ದಾಣವನ್ನು ಎರಡು ತಿಂಗಳಲ್ಲಿ ಮುಚ್ಚುವುದೆಂದೂ, ಜಾಗವನ್ನು ಅಂಗಡಿಗಳ ಸಂಕೀರ್ಣ ಕಟ್ಟುವವರಿಗೆ ಬಿಟ್ಟುಕೊಡುವುದೆಂದೂ ಆದೇಶವಾಯಿತು. ಕಾರಣ ಬರೆಯುವ ಕಾಲಮ್ಮಿನಲ್ಲಿ ‘ಪ್ರಯಾಣಿಕರಿಲ್ಲ’ ಎಂದಿತ್ತು.

ನಮ್ಮ ಸಾರಿಗೆ ಕಚೇರಿಯಲ್ಲಿ ಊರುಗಳಿಗೆ ಹೆಸರಿಲ್ಲ, ನಂಬರುಗಳಿವೆ. ಎಲ್ಲಕ್ಕಿಂತ ದೊಡ್ಡ ಊರು, ಎಂದರೆ ನಮ್ಮ ಕಚೇರಿಯೇ ಇರುವ ಊರು, ಒಂದನೇ ನಂಬರು. ನಾನು ಅಲ್ಲಿ ಹತ್ತೊಂಬತ್ತು ವರ್ಷದಿಂದ ನಕ್ಷೆ ಬರೆಯುತ್ತೇನೆ. ಎಲ್ಲ ನಿಲ್ದಾಣಗಳ ಗೋಡೆಯ ಮೇಲೆ ಕೆಂಪು, ನೀಲಿ, ಹಸಿರು ಗೆರೆಗಳ ಒಂದು ಮಾರ್ಗನಕ್ಷೆ ಇರುತ್ತದಲ್ಲ, ಅದು ನನ್ನದು. ಕಚೇರಿಯಲ್ಲಿ ನನ್ನನ್ನು ‘ಗೆರೆ’ ಎಂದೇ ಕರೆಯುತ್ತಾರೆ. ಯಾರೂ ನಕ್ಷೆಯ ಮೂಲೆಯಲ್ಲಿ ನನ್ನ ಹೆಸರು ಹುಡುಕಿದ್ದಿಲ್ಲ. ನಾನೂ ಬರೆದದ್ದಿಲ್ಲ.

ಮುಚ್ಚುವ ಮೊದಲು ಒಂದು ಅಧ್ಯಯನ ಆಗಬೇಕೆಂದು ನಿಯಮವಿದೆ. ಒಂದು ಊರನ್ನು ಜಾಲದಿಂದ ತೆಗೆದರೆ ಮಿಕ್ಕ ಊರುಗಳ ನಡುವಿನ ಸಂಪರ್ಕಕ್ಕೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ಒಂದು ವರದಿ ಕೊಡಬೇಕು. ಮದುವೆಯೆಲ್ಲ ಮುಗಿದ ಮೇಲೆ ಜಾತಕ ನೋಡಿದ ಹಾಗೆ. ಯೋಜನಾ ವಿಭಾಗದ ಸಾಹೇಬರು ಆ ಕಡತವನ್ನು ಅಂಕಿಅಂಶದ ಮೇಜಿಗೆ ಕಳಿಸಿ, “ಎರಡು ವಾರ ಸಾಕಲ್ವಾ ಮೇಡಂ?” ಎಂದರು.

ಆ ಮೇಜಿನಲ್ಲಿ ಕೂರುವವರೇ ಜೇಡಕ್ಕ.

ಹೆಸರು ಕಚೇರಿಯವರು ಇಟ್ಟದ್ದು, ಗೇಲಿಗೆ. ಅವರು ಅದನ್ನು ಬಳೆಯಂತೆ ತೊಟ್ಟುಕೊಂಡು ಓಡಾಡಿದರು. “ಜೇಡ ಬಲೆ ಕಟ್ಟೋದು ಹೊಟ್ಟೆಪಾಡಿಗೆ. ನಾನು ಕಟ್ಟೋದೂ ಹೊಟ್ಟೆಪಾಡಿಗೇ. ಇದರಲ್ಲಿ ನಗೋದೇನಿದೆ?” ಎನ್ನುತ್ತಿದ್ದರು. ಐವತ್ತು ದಾಟಿದ ಹೆಂಗಸು. ಮೂಗಿನ ಮೇಲೆ ಜಾರುವ ಕನ್ನಡಕ, ಬಾಯಲ್ಲಿ ಸದಾ ಒಂದು ಲವಂಗ, ಎದುರಿಗಿದ್ದವರು ಎಂಥವರಾದರೂ ಮುಖದ ಮೇಲೆ ಹೊಡೆದಂಥ ಮಾತು. ಲೆಕ್ಕವನ್ನು ಕಂಪ್ಯೂಟರ್ ಮಾಡುತ್ತಿತ್ತು, ನಿಜ. ಆದರೆ ಕೈಗೆ ತಾಗದ ಲೆಕ್ಕವನ್ನು ಅವರು ನಂಬುತ್ತಿರಲಿಲ್ಲ. ಹಾಗಾಗಿ ಅವರ ಮೇಜಿನ ಮೇಲೆ ಒಂದು ಬಲೆ ಇತ್ತು. ಹೊಲಿಗೆಯ ದಪ್ಪ ದಾರದ ಬಲೆ, ಮೂವತ್ತೊಂದು ಗಂಟು, ಒಂದೊಂದು ಗಂಟಿಗೂ ಕಾಗದದ ಒಂದು ಚೀಟಿ, ಚೀಟಿಯ ಮೇಲೆ ಊರಿನ ನಂಬರು. ಎರಡು ಊರಿನ ನಡುವೆ ನೇರ ಬಸ್ಸಿದ್ದರೆ ಎರಡು ಗಂಟಿನ ನಡುವೆ ದಾರ. ಒಂದು ಗಂಟೆಯ ಪ್ರಯಾಣಕ್ಕೆ ಒಂದು ಗೇಣು ದಾರ, ಅರ್ಧ ಗಂಟೆಗೆ ಅರ್ಧ ಗೇಣು.

ನನಗೆ ಮೊದಲ ಸಲ ತೋರಿಸಿದ ದಿನ ಕೇಳಿದರು: “ನಾಲ್ಕರಿಂದ ಇಪ್ಪತ್ತೊಂಬತ್ತಕ್ಕೆ ಬೇಗ ಹೋಗೋ ದಾರಿ ಯಾವುದೋ?”

ನಾನು ಗೋಡೆಯ ಮೇಲಿನ ನನ್ನದೇ ನಕ್ಷೆಯನ್ನು ನೋಡುತ್ತ ಬೆರಳು ಮಡಿಸಿ ಮಡಿಸಿ ಕೂಡಿಸತೊಡಗಿದೆ. ಜೇಡಕ್ಕ ಬಲೆಯಲ್ಲಿ ನಾಲ್ಕನೇ ಗಂಟನ್ನು ಎಡಗೈಯಲ್ಲಿ, ಇಪ್ಪತ್ತೊಂಬತ್ತನ್ನು ಬಲಗೈಯಲ್ಲಿ ಹಿಡಿದು ಎತ್ತಿ ಎರಡೂ ಕಡೆಗೆ ಎಳೆದರು. ಮಿಕ್ಕ ದಾರಗಳೆಲ್ಲ ಸಡಿಲವಾಗಿ ಜೋತುಬಿದ್ದವು. ಒಂದೇ ಒಂದು ದಾರ ಬಿಗಿಯಾಗಿ ನಿಂತಿತು.

“ಬಿಗಿಯಾಗಿರೋದೇ ಹತ್ತಿರದ ದಾರಿ. ನೀನಿನ್ನೂ ಬೆರಳು ಮಡಿಸ್ತಿದೀಯಾ?”

ಹತ್ತೊಂಬತ್ತು ವರ್ಷ ನಾನು ಊರುಗಳನ್ನು ಚುಕ್ಕೆಗಳೆಂದುಕೊಂಡಿದ್ದೆ. ಅವು ಒಂದನ್ನೊಂದು ಎಳೆಯುತ್ತವೆ ಎಂಬುದು ನನಗೆ ಗೊತ್ತಾದದ್ದು ಅಂದು. ಬಾಯಿ ತೆರೆದು ನಿಂತಿದ್ದೆ ಅಂತ ಕಾಣುತ್ತದೆ. “ನೊಣ ಹೋದೀತು, ಮುಚ್ಚು” ಎಂದರು.

ಹದಿನೆಂಟನೆಯ ಊರಿನ ಕಡತ ಬಂದಾಗ ಜೇಡಕ್ಕ ಅದರ ಅಂಕಿಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು. ದಿನಕ್ಕೆ ಇನ್ನೂರ ಹನ್ನೆರಡು ಜನ ಹತ್ತುತ್ತಾರೆ, ಇನ್ನೂರ ಮೂವತ್ತು ಜನ ಇಳಿಯುತ್ತಾರೆ. ಎರಡು ವರ್ಷದ ಹಿಂದೆ ಅದೇ ನಿಲ್ದಾಣದಲ್ಲಿ ಐದು ಸಾವಿರ ಹತ್ತುತ್ತಿದ್ದರು, ಐದು ಸಾವಿರ ಇಳಿಯುತ್ತಿದ್ದರು.

“ಊರಿಗೆ ಊರೇ ಗುಳೆ ಹೋಯ್ತಾ? ಇಲ್ಲ ಭೂಮಿ ಬಾಯಿಬಿಟ್ಟು ನುಂಗಿತಾ? ಗೆರೆ, ಆ ಕಡೆ ನಿನ್ನೋರು ಯಾರಾದ್ರೂ ಇದಾರೇನೋ?”

ಇದ್ದಳು. ನನ್ನ ತಂಗಿ.

ತಂಗಿಯ ಮನೆ ಆರನೇ ನಂಬರಿನ ಊರಿನಲ್ಲಿ. ಕೆಲಸ ಇಪ್ಪತ್ತನಾಲ್ಕರಲ್ಲಿ, ಅಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗ. ಬೆಳಿಗ್ಗೆ ಆರು ಹತ್ತರ ಬಸ್ಸು ಹಿಡಿಯುತ್ತಾಳೆ. ಏಳಕ್ಕೆ ನಡುವೆ ಒಂದು ಕಡೆ ಇಳಿದು ಬೇರೆ ಬಸ್ಸು ಹತ್ತುತ್ತಾಳೆ. ಎಂಟಕ್ಕೆ ಹಾಜರಿ. ಒಂದು ವಾರದಲ್ಲಿ ಎರಡು ಸಲ ತಡವಾದರೆ ಮೂರನೆಯ ಸಲಕ್ಕೆ ಬೇರೆಯವರನ್ನು ನಿಲ್ಲಿಸಿಕೊಳ್ಳುತ್ತಾರೆ. ಗಂಡನಿಲ್ಲ, ಇಬ್ಬರು ಹೆಣ್ಣುಮಕ್ಕಳು, ಇರುವುದು ಅದೊಂದೇ ಕೆಲಸ.

ಆ ಭಾನುವಾರ ಅವಳ ಮನೆಗೆ ಹೋಗಿ, “ಹದಿನೆಂಟು ಮುಚ್ಚಿಬಿಟ್ರೆ ಏನೇ ಮಾಡ್ತೀಯ?” ಎಂದು ಕೇಳಿದೆ.

“ಯಾವ ಹದಿನೆಂಟು? ಮಗ್ಗಿ ಹೇಳ್ಕೊಡೋಕೆ ಬಂದ್ಯಾ?”

“ನೀನು ಬಸ್ಸು ಬದಲಾಯಿಸ್ತೀಯಲ್ಲ, ಆ ಊರು ಕಣೇ.”

“ಗಡಿಯಾರದ ಸ್ಟ್ಯಾಂಡಾ?” ಅವಳು ಹಿಂಡುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದು ನಿಂತಳು. “ಅದನ್ನ ಮುಚ್ಚಿದ್ರೆ ನಾನು ದೊಡ್ಡೂರು ಸುತ್ತಿ ಹೋಗ್ಬೇಕು. ಹೋಗೋಕೆ ಮೂರೂವರೆ ಗಂಟೆ, ಬರೋಕೆ ಮೂರೂವರೆ. ಆಮೇಲೆ ಮಕ್ಕಳು ನನ್ನ ಮುಖ ಫೋಟೋದಲ್ಲಿ ನೋಡ್ಬೇಕು. ಯಾವನು ಹೇಳ್ದ ಮುಚ್ತಾರೆ ಅಂತ?”

“ನಮ್ಮಾಫೀಸಿನೋರೇ.”

“ಮತ್ತೆ ನೀನೇನ್ ಮಾಡ್ತಿದೀಯಪ್ಪಾ ಅಲ್ಲಿ? ಬಣ್ಣ ಹಚ್ತಿದೀಯಾ?”

ನಾನು ಅವಳ ಕೈಚೀಲದ ತಳದಲ್ಲಿದ್ದ ಹಳೆಯ ಟಿಕೆಟ್ಟುಗಳನ್ನು ಒಂದು ಹಿಡಿ ತೆಗೆದುಕೊಂಡು ಬಂದು ಸೋಮವಾರ ಜೇಡಕ್ಕನ ಮೇಜಿನ ಮೇಲೆ ಸುರಿದೆ.

ಜೇಡಕ್ಕ ಒಂದನ್ನು ಬೆಳಕಿಗೆ ಹಿಡಿದರು. ಎರಡನೆಯದನ್ನು ಹಿಡಿದರು. ಮೂರನೆಯದಕ್ಕೆ ಕನ್ನಡಕ ತೆಗೆದರು.

“ಆರರಲ್ಲಿ ಹತ್ತಿದಳು, ಇಪ್ಪತ್ತನಾಲ್ಕರಲ್ಲಿ ಇಳಿದಳು. ಹದಿನೆಂಟು ಎಲ್ಲೋ?”

“ಅಲ್ಲಿ ಬಸ್ಸು ಬದಲಾಯಿಸ್ತಾಳೆ ಅಕ್ಕಾ. ಈಗ ಎರಡು ಬಸ್ಸಿಗೂ ಒಂದೇ ಟಿಕೆಟ್ಟಲ್ವಾ...”

ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

ಎರಡು ವರ್ಷದ ಹಿಂದೆ ನಮ್ಮ ಸಾಹೇಬರೇ ‘ಒಂದೇ ಟಿಕೆಟ್’ ಯೋಜನೆ ತಂದಿದ್ದರು. ಬಸ್ಸು ಬದಲಾಯಿಸುವವರು ಎರಡನೆಯ ಸಲ ಟಿಕೆಟ್ಟಿಗೆ ಸಾಲು ನಿಲ್ಲಬೇಕಿಲ್ಲ. ಒಳ್ಳೆಯ ಕೆಲಸವೇ. ಹಾರ ಹಾಕಿಸಿಕೊಂಡರು, ಆ ಫೋಟೋ ಈಗಲೂ ಮೆಟ್ಟಿಲ ಬಳಿ ಇದೆ. ಆದರೆ ಆ ಟಿಕೆಟ್ಟಿನ ಮೇಲೆ ಮೊದಲ ಊರು, ಕೊನೆಯ ಊರು ಮಾತ್ರ ಅಚ್ಚಾಗುತ್ತದೆ. ಕಂಪ್ಯೂಟರಿಗೆ ಹೋಗುವುದೂ ಅಷ್ಟೇ. ನಡುವಿನ ಊರಿಗೆ ಕಾಲಮ್ಮೇ ಇಲ್ಲ. ನಾವೇ ಒಂದು ಊರಿನ ಲೆಕ್ಕ ಬರೆಯುವುದನ್ನು ಬಿಟ್ಟೆವು. ಎರಡು ವರ್ಷದ ಮೇಲೆ ನಾವೇ ಪುಸ್ತಕ ತೆರೆದು, ಅಯ್ಯೋ ಇಲ್ಲಿ ಜನವೇ ಇಲ್ಲ, ಮುಚ್ಚಿ ಎಂದೆವು. ಊರನ್ನು ಕೊಲ್ಲಲು ಕತ್ತಿ ಹಿಡಿಯಬೇಕಾಗಿಲ್ಲ, ಹಾಳೆಯಲ್ಲಿ ಒಂದು ಮನೆ ಕಡಿಮೆ ಮಾಡಿದರೆ ಸಾಕು.

“ನಾವೇ ತಿಂದ್ವಲ್ಲೋ ಅದನ್ನ” ಎಂದರು ಜೇಡಕ್ಕ, ಮೆಲ್ಲಗೆ. ಅವರ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿರಲಿಲ್ಲ. ಆಮೇಲೆ ಎದ್ದು ಚೀಲ ಹೆಗಲಿಗೆ ಹಾಕಿಕೊಂಡರು. “ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಮುಂಚೆ ನಾವಲ್ಲಿರ್ಬೇಕು. ಸೀಮೆಸುಣ್ಣ ತಗೋ.”

ಹದಿನೆಂಟನೆಯ ಊರಿನ ನಿಲ್ದಾಣಕ್ಕೆ ನಾನು ಎಷ್ಟೋ ಸಲ ಗೆರೆ ಎಳೆದಿದ್ದೆ, ಕಾಲಿಟ್ಟಿರಲಿಲ್ಲ. ತಗಡಿನ ಮಾಡು, ನುಣುಪಾದ ಸಿಮೆಂಟಿನ ಬೆಂಚುಗಳು, ಆರು ನಿಮಿಷ ಮುಂದೆ ಓಡುವ ಒಂದು ಗೋಡೆ ಗಡಿಯಾರ. ಊರಿನ ಕಡೆಗೆ ಇರುವುದು ಒಂದೇ ಬಾಗಿಲು. ಬಂದ ಬಸ್ಸುಗಳೆಲ್ಲ ಒಂದೇ ಕಡೆ ಜನರನ್ನು ಇಳಿಸಿ ತಮ್ಮ ತಮ್ಮ ಜಾಗಕ್ಕೆ ಹೋಗುತ್ತವೆ. ಜೇಡಕ್ಕ ಒಂದು ಕ್ಷಣ ಸುತ್ತ ನೋಡಿ ಲೆಕ್ಕದ ಹಾದಿ ಕಂಡುಕೊಂಡರು: ಇಳಿಯುವವರನ್ನು ನಾನು ಸೀಮೆಸುಣ್ಣದಲ್ಲಿ ಗೀಟು ಹಾಕಿ ಎಣಿಸುವುದು, ಬಾಗಿಲು ದಾಟಿ ಊರಿಗೆ ಹೋಗುವವರನ್ನು ಅವರು ಎಣಿಸುವುದು. ಇಳಿದೂ ಬಾಗಿಲು ದಾಟದವರು ಬಸ್ಸು ಬದಲಾಯಿಸಿದವರು. ನನಗಾಗಿದ್ದರೆ ಹತ್ತು ಜನ ಬೇಕಾಗುತ್ತಿತ್ತು.

ಮೈಕಿನಲ್ಲಿ ಬಸ್ಸುಗಳನ್ನು ಕೂಗುವ ಹೆಂಗಸು, ಅಲ್ಲಿನವರ ಬಾಯಲ್ಲಿ ‘ಕೂಗಮ್ಮ’, ಗೂಡಿನಿಂದ ತಲೆ ಹೊರಹಾಕಿದಳು. “ಏನಮ್ಮಾ, ತಲೆ ಎಣಿಸ್ತಿದೀರಾ? ಎಣಿಸಿ, ಎಣಿಸಿ. ಹೋದ ವರ್ಷ ನಿಮ್ಮೋರು ನಾಲ್ಕು ಜನ ಟೋಪಿ ಹಾಕ್ಕೊಂಡು ಬಂದು ಕಂಬ ಎಣಿಸ್ಕೊಂಡು ಹೋದ್ರು.”

ಏಳು ಗಂಟೆಗೆ ಪೂರ್ವಕ್ಕೆ ಹೋಗುವ ಬಸ್ಸು ಹೊರಡಲು ಗುರುಗುಟ್ಟುತ್ತಿತ್ತು. ಕೂಗಮ್ಮ ಮೈಕು ಹಿಡಿದಳು: “ಏ ಅಣ್ಣಾ, ಹಿಡ್ಕೊಳಪ್ಪಾ ಬ್ರೇಕು! ಪಶ್ಚಿಮದ ಬಸ್ಸು ತಿರುವಿನಲ್ಲಿದೆ. ಆಸ್ಪತ್ರೆಯೋರೆಲ್ಲ ಅದರಲ್ಲೇ ಇದಾರೆ. ನೀನು ಹೋದ್ರೆ ಅಲ್ಲಿ ಸೂಜಿ ಚುಚ್ಚೋರು ಯಾರು, ನೀನಾ?” ಬಸ್ಸು ನಿಂತಿತು. ಈ ಎರಡು ನಿಮಿಷ ಯಾವ ವೇಳಾಪಟ್ಟಿಯಲ್ಲೂ ಇಲ್ಲ. ಜೇಡಕ್ಕ ಅದನ್ನೂ ಬರೆದುಕೊಂಡರು.

ಪಶ್ಚಿಮದ ಬಸ್ಸು ಬಂತು. ಜನ ಇಳಿದು ಓಡಿದರು. ನಡುವೆ ನನ್ನ ತಂಗಿ.

“ಅಣ್ಣಾ! ಇಲ್ಲೇನ್ ಮಾಡ್ತಿದೀಯ? ನನ್ನೂ ಎಣಿಸಿದ್ಯಾ?”

“ಎಣಿಸ್ದೆ.”

“ಎಷ್ಟನೆಯವಳು?”

“ಮುನ್ನೂರ ಹನ್ನೆರಡು.”

“ಸದ್ಯ, ನಾನೂ ಇದೀನಿ ಅಂತಾಯ್ತು!” ಎಂದು ಕೂಗಿ ಹೊರಡುತ್ತಿದ್ದ ಬಸ್ಸಿನ ಮೆಟ್ಟಿಲಿಗೆ ಹಾರಿದಳು.

ಸಂಜೆ ಕೊನೆಯ ಬಸ್ಸಿನ ಹೊತ್ತಿಗೆ ನನ್ನ ಕೈ, ಮೊಣಕಾಲು, ಬೆಂಚು, ಕಂಬ ಎಲ್ಲ ಸುಣ್ಣ. ಇಳಿದವರು ನಾಲ್ಕು ಸಾವಿರದ ಆರುನೂರ ಹನ್ನೆರಡು. ಬಾಗಿಲು ದಾಟಿದವರು ಇನ್ನೂರ ಮೂವತ್ತೊಂದು. ಕಚೇರಿಯ ಪುಸ್ತಕದಲ್ಲಿ ಇದ್ದದ್ದು ಬಾಗಿಲು ದಾಟಿದವರು ಮಾತ್ರ. ಉಳಿದ ನಾಲ್ಕು ಸಾವಿರದ ಮುನ್ನೂರ ಎಂಬತ್ತೊಂದು ಜನ ದಿನವೂ ನಮ್ಮ ಕಣ್ಣೆದುರೇ ಹಾದುಹೋಗುತ್ತಿದ್ದರು, ನಮ್ಮ ಪುಸ್ತಕದಲ್ಲಿ ಹುಟ್ಟಿಯೇ ಇರಲಿಲ್ಲ.

“ಇದು ಒಂದು ದಿನದ ಮಾತು” ಎಂದರು ಜೇಡಕ್ಕ. “ಸಾಹೇಬರು ‘ಅವತ್ತು ಏನೋ ಸಂತೆ ಇತ್ತು’ ಅಂದ್ಬಿಡ್ತಾರೆ. ಜನರನ್ನ ಅಲ್ಲಗಳೀಬಹುದು. ಬಲೇನ ಅಲ್ಲಗಳೀಲಿ ನೋಡೋಣ.”

ಮಾರನೆಯ ದಿನದಿಂದ ನಾವು ಬಲೆ ಎಳೆಯಲು ಕೂತೆವು. ಹದಿನೆಂಟನ್ನು ಬಿಟ್ಟರೆ ಮೂವತ್ತು ಊರು, ನಾನೂರ ಮೂವತ್ತೈದು ಜೋಡಿ. ಒಂದೊಂದು ಜೋಡಿಯನ್ನೂ ಎತ್ತಿ ಎಳೆದು, ಬಿಗಿಯಾದ ದಾರದ ಮೇಲೆ ಯಾವ ಯಾವ ಗಂಟು ಬಂತೆಂದು ಅವರು ಹೇಳುವುದು, ನಾನು ಆ ಗಂಟನ್ನು ಬೆರಳಿಂದ ಮುಟ್ಟಿ ನೋಡಿ ಬರೆಯುವುದು. ಕಂಪ್ಯೂಟರ್ ಇದನ್ನು ಕಣ್ಣು ಮಿಟುಕಿಸುವುದರೊಳಗೆ ಮಾಡಿ ಮುಗಿಸಿತ್ತು. ನಮಗೆ ಮೂರು ದಿನ ಹಿಡಿಯಿತು. ಆ ಮೂರು ದಿನ ಜೇಡಕ್ಕನನ್ನು ನೋಡಿದವರಿಗೆ ವಿದ್ಯೆ ಎಂದರೇನು ಎಂದು ಬೇರೆ ಹೇಳಬೇಕಾಗಿಲ್ಲ. ದಾರ ಎಳೆಯುತ್ತ ಎಳೆಯುತ್ತ ಅವರು ಊರುಗಳ ಜೊತೆ ಮಾತಾಡುತ್ತಿದ್ದರು. “ಬಾರಮ್ಮಾ ಹನ್ನೊಂದೇ, ನಿನಗೆ ಯಾರ ಸಹವಾಸ ಬೇಕು? ಓ, ನೀನೂ ಇವಳ ಮನೆ ಮೇಲೇ ಹೋಗ್ಬೇಕಾ?” ಒಂದು ತಪ್ಪು ಹಿಡಿದರೆ ಹತ್ತು ಜೋಡಿ ಹಿಂದಕ್ಕೆ ಹೋಗಿ ಮತ್ತೆ ಎಳೆಯುತ್ತಿದ್ದರು. ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದ ಹಾಗೇ ಇರುತ್ತಿತ್ತು, ನನ್ನ ಡಬ್ಬಿಯಿಂದ ಮಾತ್ರ ತಿನ್ನುತ್ತಿದ್ದರು.

ಮೂರನೆಯ ದಿನ ಮಧ್ಯಾಹ್ನ ಪೆನ್ನು ಕೆಳಗಿಟ್ಟರು.

“ಒಂದನೇ ನಂಬರನ್ನ ಬಿಟ್ರೆ ಪಶ್ಚಿಮಕ್ಕೆ ಹನ್ನೆರಡು ಊರು. ಪೂರ್ವಕ್ಕೆ ಹದಿನೇಳು. ಹದಿನೇಳು ಹನ್ನೆರಡ್ಲಿ ಎಷ್ಟು?”

“ಇನ್ನೂರ ನಾಲ್ಕು.”

“ಅದರಲ್ಲಿ ಒಂಬತ್ತು ಜೋಡಿಗೆ ಈ ನಮ್ಮ ದೊಡ್ಡೂರಿನ ಮೇಲೆ ಹೋದ್ರೆ ಹತ್ತಿರ. ಮಿಕ್ಕಿದ್ದು ನೂರ ತೊಂಬತ್ತೈದು. ಅಷ್ಟೂ ಜೋಡಿಗೆ ನಡುವಿನ ಮನೆ ಹದಿನೆಂಟು. ಒಂದನೇ ನಂಬರಿಗೆ ಒಂಬತ್ತು, ಹದಿನೆಂಟನೇ ನಂಬರಿಗೆ ನೂರ ತೊಂಬತ್ತೈದು! ಯಾರೋ ಈ ಊರುಗಳಿಗೆ ನಂಬರು ಕೊಟ್ಟವನು?”

ಅಲ್ಲಿ ಇರುವವರು ಎಷ್ಟು, ಬಂದು ಉಳಿಯುವವರು ಎಷ್ಟು ಎಂದು ನಾವು ಊರನ್ನು ಅಳೆಯುತ್ತೇವೆ. ಯಾರು ಯಾರನ್ನು ಆ ಊರು ಕೂಡಿಸುತ್ತದೆ ಎಂದು ಅಳೆಯಲು ಜೇಡಕ್ಕ ಬೇಕಾಯಿತು. ನಾನು ಬಲೆಯ ಕಡೆ ನೋಡಿದೆ. ಮೂವತ್ತು ಗಂಟುಗಳು ತುಸು ಮಾಸಿದ್ದವು. ಹದಿನೆಂಟನೆಯದು ನಮ್ಮ ಬೆರಳುಗಳ ಕೊಳೆಗೆ ಕಪ್ಪಾಗಿತ್ತು.

ವರದಿ ತೆಗೆದುಕೊಂಡು ಇಬ್ಬರೂ ಸಾಹೇಬರ ಕೋಣೆಗೆ ಹೋದೆವು. ಬಲೆಯೂ ಬಂತು.

“ಇದೇನು ಮೇಡಂ, ಮೀನು ಹಿಡಿಯೋಕೆ ಹೊರಟ್ರಾ?”

“ನಿಮ್ಮೂರು ಯಾವ ನಂಬರು ಸಾರ್?”

“ಒಂಬತ್ತು. ಯಾಕೆ?”

“ಒಂಬತ್ತನ್ನ ಎಡಗೈಲಿ ಹಿಡೀರಿ. ಮಗಳನ್ನ ಕೊಟ್ಟಿರೋದು?”

“ಇಪ್ಪತ್ತೇಳು.” ಸಾಹೇಬರು ನಗುತ್ತ ಬಲಗೈಯಲ್ಲಿ ಹಿಡಿದರು.

“ಎಳೀರಿ.”

ಎಳೆದರು. ದಾರ ಬಿಗಿಯಾಯಿತು. ಅವರ ಎರಡು ಕೈಗಳ ನಡುವೆ ಕಪ್ಪು ಗಂಟು ನಿಂತಿತ್ತು. ಸಾಹೇಬರು ಬುದ್ಧಿವಂತರು, ನಗು ತಾನಾಗಿ ಇಳಿಯಿತು. ಜೇಡಕ್ಕ ಮೇಜಿನ ಮೇಲಿದ್ದ ಕತ್ತರಿಯನ್ನು ಅವರ ಮುಂದೆ ಸರಿಸಿದರು.

“ಆ ಗಂಟನ್ನ ಕತ್ತರಿಸಿ ಸಾರ್. ಮಗಳ ಮನೆ ಎಷ್ಟು ದೂರ ಬೀಳುತ್ತೆ ನೀವೇ ನೋಡಿ.”

ಸಾಹೇಬರು ಕತ್ತರಿ ಮುಟ್ಟಲಿಲ್ಲ. ಬಲೆಯನ್ನು ಮಡಿಸಿ ಮೇಜಿನ ಅಂಚಿಗಿಟ್ಟರು. ವರದಿಯನ್ನು ಪುಟ ಬಿಡದೆ ಓದಿದರು. ಒಂದೇ ಟಿಕೆಟ್ಟಿನ ಪುಟಕ್ಕೆ ಬಂದಾಗ ಕಿವಿ ಕೆಂಪಾಯಿತು.

“ಇಷ್ಟು ಚೊಕ್ಕವಾದ ಅಧ್ಯಯನ ನಾನು ನೋಡಿಲ್ಲ ಮೇಡಂ, ನಿಜ ಹೇಳ್ತೀನಿ. ಆದ್ರೆ ಜಾಗದ ಮಾತು ಮೇಲಿನವರ ಹಂತದಲ್ಲಿ ಮುಗಿದಿದೆ. ಕೊನೇ ಪುಟದಲ್ಲಿ ‘ಪರಿಣಾಮ ಅಲ್ಪ’ ಅಂತ ಒಂದು ಸಾಲು ಸೇರಿಸಿಬಿಡಿ. ಮಿಕ್ಕಿದ್ದೆಲ್ಲ ಹೀಗೇ ಇರಲಿ.”

“ಆ ಸಾಲಿಗೆ ನನ್ನ ಹತ್ರ ಲೆಕ್ಕ ಇಲ್ಲ ಸಾರ್” ಎಂದರು ಜೇಡಕ್ಕ. ಲವಂಗವನ್ನು ಬಾಯಿಯ ಆ ಕಡೆಯಿಂದ ಈ ಕಡೆಗೆ ಸರಿಸಿ, ಬಲೆ ಎತ್ತಿಕೊಂಡು ಹೊರಗೆ ಬಂದರು.

ಮಾರನೆಯ ದಿನ ಅವರನ್ನು ಟೈರಿನ ಉಗ್ರಾಣಕ್ಕೆ ಹಾಕಿದರು. ನೋಡಲು ಹೋದಾಗ ರಬ್ಬರಿನ ಕಮಟು ವಾಸನೆಯ ನಡುವೆ ಮುಖ ಅರಳಿಸಿಕೊಂಡು ಕೂತಿದ್ದರು. “ಬಾರೋ ಗೆರೆ! ಯಾವ ಮಾರ್ಗದಲ್ಲಿ ಟೈರು ಬೇಗ ಸವೆಯುತ್ತೆ ಅಂತ ಇಲ್ಲಿ ಎಲ್ಲಾ ಬರೆದಿಟ್ಟಿದಾರೆ. ಇಷ್ಟು ವರ್ಷ ಈ ಚಿನ್ನದ ಗಣೀನ ನನ್ನಿಂದ ಬಚ್ಚಿಟ್ಟಿದ್ರಲ್ಲೋ!” ಶಿಕ್ಷೆ ಕೊಟ್ಟವರಿಗೆ ಇದನ್ನು ಯಾರಾದರೂ ಹೇಳಬೇಕಿತ್ತು.

ಎರಡು ದಿನ ಕಳೆದು ಸಾಹೇಬರು ನನ್ನನ್ನು ಕರೆಸಿದರು. ಕೂರಲು ಹೇಳಿದರು. ಹತ್ತೊಂಬತ್ತು ವರ್ಷದಲ್ಲಿ ಆ ಕುರ್ಚಿಯ ಮೇಲೆ ಕೂತದ್ದು ಅಂದೇ.

“ಹೊಸ ಮಾರ್ಗನಕ್ಷೆ ಬೇಕು. ಮೂವತ್ತು ಊರು. ಪಶ್ಚಿಮದಿಂದ ಪೂರ್ವಕ್ಕೆ ಹೋಗೋ ಗೆರೆಗಳೆಲ್ಲ ಒಂದನೇ ನಂಬರಿನ ಮೇಲೆ ಹೋಗ್ಲಿ. ಕೆಳಗೆ ‘ಸಂಪರ್ಕ ಜಾಲ ಅಧ್ಯಯನದ ಪ್ರಕಾರ’ ಅಂತ ಹಾಕಿ, ಮೇಡಂ ಹೆಸರು ಹಾಕಿ. ಅವರ ಶ್ರಮಾನೂ ಗುರುತಿಸಿದ ಹಾಗಾಗುತ್ತೆ.”

ಸಾಹೇಬರು ದನಿ ಇಳಿಸಿದರು.

“ನಿಮ್ಮ ತಂಗಿ ವಿಷಯ ಕೇಳ್ದೆ. ಆರನೇ ನಂಬರಿನ ಡಿಪೋದಲ್ಲಿ ಒಂದು ಕೆಲಸ ಖಾಲಿ ಇದೆ. ಮನೆ ಬಾಗಿಲಲ್ಲೇ, ಬಸ್ಸು ಹತ್ತೋದೇ ಬೇಡ. ನಾನು ಹೇಳ್ತೀನಿ. ಹೋಗಿ ಕೇಳ್ಕೊಂಡು ಬನ್ನಿ.”

ಕಾರಿಡಾರಿನ ಕಿಟಕಿಯ ಬಳಿ ನಿಂತು ಫೋನು ಮಾಡಿದೆ. ಅವಳ ಹಿಂದೆ ಯಂತ್ರಗಳು ದಡದಡ ತಿರುಗುತ್ತಿದ್ದವು. ಎಲ್ಲವನ್ನೂ ಹೇಳಿದೆ.

“ಬೆಳಿಗ್ಗೆ ಇನ್ನೊಂದು ಗಂಟೆ ಮಲಗಬಹುದಿತ್ತಣ್ಣಾ” ಎಂದಳು. “ಚಿಕ್ಕೋಳಿಗೆ ಜಡೆ ಹಾಕಿ ಕಳಿಸಬಹುದಿತ್ತು.”

“ಹೂಂ.”

“ನಮ್ಮ ಬಸ್ಸಲ್ಲಿ ಬರೋ ನರ್ಸಮ್ಮಂಗೂ ಕೊಡಿಸ್ತಾರಂತಾ ಕೆಲಸ? ವಾರಕ್ಕೆ ಮೂರು ಸಲ ರಕ್ತ ಶುದ್ಧ ಮಾಡಿಸೋಕೆ ಬರ್ತಾನಲ್ಲ ಆ ಅಜ್ಜ, ಅವನಿಗೆ ಏನು ಕೊಡಿಸ್ತಾರಂತೆ?”

“ಅದನ್ನೆಲ್ಲ ಹೇಳ್ಲಿಲ್ಲ ಕಣೇ.”

“ಮತ್ತೆ ಅವರಿಗೆಲ್ಲ ನಾನೇನ್ ಹೇಳ್ಲಿ? ನಮ್ಮಣ್ಣ ಬಸ್ಸು ನಿಲ್ಲಿಸಿ ನನ್ನೊಬ್ಬಳನ್ನ ಇಳಿಸ್ಕೊಂಡ ಅಂತಾನಾ? ಬೇಡಣ್ಣಾ. ನನ್ನ ಹೆಸರು ಹೇಳ್ಕೊಂಡು ಏನೂ ಮಾಡ್ಬೇಡ.” ಯಂತ್ರದ ಗಂಟೆ ಹೊಡೆಯಿತು. “ಬಟ್ಟೆ ಆಯ್ತು, ಇಡ್ತೀನಿ.”

ನಾನು ಮತ್ತೆ ಒಳಗೆ ಹೋದೆ. ಈ ಸಲ ಕೂರಲಿಲ್ಲ.

“ಏನಂತಾಳೆ ತಂಗಿ?”

“ಬೇಡವಂತೆ ಸಾರ್.”

“ಸರಿ, ಅವಳಿಷ್ಟ. ನಕ್ಷೆ ಸಂಜೆಯೊಳಗೆ ಮುಗಿಸಿ.”

“ನಕ್ಷೇನೂ ಆಗಲ್ಲ ಸಾರ್.”

ಸಾಹೇಬರು ಕಡತದಿಂದ ತಲೆಯೆತ್ತಿದರು. “ಆಗಲ್ಲ ಅಂದ್ರೆ? ಕಂಪ್ಯೂಟರ್ ಕೆಟ್ಟಿದೆಯಾ?”

“ಚೆನ್ನಾಗಿದೆ.”

“ಟೈಮ್ ಬೇಕಾ? ನಾಳೆ ಮಧ್ಯಾಹ್ನದವರೆಗೂ ತಗೊಳ್ಳಿ.”

“ಟೈಮೂ ಬೇಡ ಸಾರ್.” ಮೇಜಿನ ಅಂಚು ಹಿಡಿದುಕೊಂಡೆ. “ಮೂವತ್ತು ಊರಿನ ನಕ್ಷೆ ನಾನು ಬರೆಯಲ್ಲ. ಅಕ್ಕನ ಹೆಸರು ಅದರ ಕೆಳಗೆ ಹಾಕಲ್ಲ.”

“ಹಾಗಂದ್ರೆ ಏನಾಗುತ್ತೆ ಗೊತ್ತಾ?”

“ಗೊತ್ತು ಸಾರ್.”

“ಹೊರಗೆ ಹೋಗಿ ಹತ್ತು ನಿಮಿಷ ಯೋಚನೆ ಮಾಡಿ ಬಾ.”

“ಹೊರಗೆ ಬೇಕಾದ್ರೆ ಹೋಗ್ತೀನಿ ಸಾರ್” ಎಂದೆ. “ಬರೆಯಲ್ಲ.”